ಪಾಪ ಯಾರದು, ಋಣ ಯಾರದು?

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದರು. ಕೋಶ ಓದಿಸುವುದೇ ಕಸುಬಾಗಿರುವ ನನ್ನಂಥ ಕನ್ನಡ ಮೇಷ್ಟರಿಗೆ ದೇಶ ಸುತ್ತುವ ಭಾಗ್ಯ ಸಾಮಾನ್ಯವಾಗಿ ಬೇರೆಯವರ ಬಾಯಿಂದಲೇ ಬರತಕ್ಕದ್ದು. ಈ ಸಲ ಅದು ನನ್ನ ಅಕ್ಕನ ಮಗನ ಬಾಯಿಂದ ಬಂದಿತು. ಅವನು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾನೆ. ರಜಕ್ಕೆ ಬಂದವನು ನಮ್ಮ ಮನೆಯಲ್ಲಿ ನಾಲ್ಕು ದಿನ ಉಳಿದ. ರಾತ್ರಿ ಊಟವಾದ ಮೇಲೆ ಫೋನು ತೆರೆದು, ತಾನೂ ಸಹಪಾಠಿಗಳೂ ಸುತ್ತಿಬಂದ ಊರುಗಳ ಚಿತ್ರ ತೋರಿಸುವುದು. ನಾನು ಕನ್ನಡಕ ಸರಿಪಡಿಸಿಕೊಂಡು ನೋಡುವುದು.

ಅವನ ಜೊತೆಗಾರರಲ್ಲಿ ಒಬ್ಬ ಜರ್ಮನಿಯವನು, ಒಬ್ಬಳು ಪೋಲೆಂಡಿನವಳು, ಒಬ್ಬ ಸ್ಪೇನಿನವನು. ರೈಲಿನಲ್ಲಿಯೂ ನಮ್ಮ ಛತ್ರಗಳಂಥ ಹಾಸ್ಟೆಲುಗಳಲ್ಲಿಯೂ ಗೆಳೆಯರಾದವರು ಇನ್ನೆಷ್ಟೋ ಮಂದಿ. ಅವರ ಬ್ರೆಡ್ಡು, ನಮ್ಮಕ್ಕ ಕಟ್ಟಿಕೊಟ್ಟ ಚಟ್ನಿಪುಡಿ—ಹೀಗೆ ಖರ್ಚು ಸಾಗಿತಂತೆ. ಗೋಪುರ, ಸೇತುವೆ, ಚೌಕ ಎಂದು ಮೂವತ್ತು ಚಿತ್ರ ಕಳೆಯುವಷ್ಟರಲ್ಲಿ ನನಗೆ ಪ್ರಾಗ್ ಯಾವುದು, ವಿಯೆನ್ನಾ ಯಾವುದು ಎಂಬ ಭೇದವೇ ಅಳಿಸಿಹೋಗಿತ್ತು. ಅದ್ವೈತ ಸಿದ್ಧಿಸಿತೆನ್ನಬೇಕು! ಎರಡು ಊರುಗಳ ಮಾತು ಮಾತ್ರ ಮನಸ್ಸಿನಲ್ಲಿ ನಿಂತುಬಿಟ್ಟಿದೆ.

ಮೊದಲನೆಯದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ರೈನ್ ನದಿಯ ಈಚೆ ದಡದಲ್ಲಿ ಇದು; ಆಚೆ ದಡದಲ್ಲಿ ಜರ್ಮನಿಗೆ ಸೇರಿದ ಕೇಲ್ ಎಂಬ ಊರು. 2017ರಿಂದ ಸ್ಟ್ರಾಸ್‌ಬರ್ಗಿನ ಟ್ರಾಮು ನದಿ ದಾಟಿ ಕೇಲ್‌ವರೆಗೂ ಹೋಗುತ್ತದೆ. “ಗಡಿ ದಾಟಿದ್ದೇ ಗೊತ್ತಾಗಲಿಲ್ಲ ಮಾಮ. ಮಲ್ಲೇಶ್ವರದಿಂದ ರಾಜಾಜಿನಗರಕ್ಕೆ ಹೋದ ಹಾಗಾಯಿತು” ಎಂದ. ಇದೇ ಊರು 1871ರಲ್ಲಿ ಜರ್ಮನಿಗೆ ಸೇರಿತು, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, 1944ರಲ್ಲಿ ಮತ್ತೆ ಫ್ರಾನ್ಸಿಗೆ. ಮನೆ ಬಿಟ್ಟು ಕದಲದ ಮುದುಕಿಯೊಬ್ಬಳು ಒಂದೇ ಜನ್ಮದಲ್ಲಿ ನಾಲ್ಕು ಬಾರಿ ದೇಶಾಂತರ ಹೋದಂತಾಗಿರಬೇಕು. ಅಲ್ಲಿನ ಚೌಕದಲ್ಲಿ 1936ರಲ್ಲಿ ನಿಲ್ಲಿಸಿದ ಒಂದು ಯುದ್ಧಸ್ಮಾರಕವಿದೆ. ತಾಯಿಯೊಬ್ಬಳು ಸಾಯುತ್ತಿರುವ ಇಬ್ಬರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡಿದ್ದಾಳೆ. ಮಕ್ಕಳ ಮೈಮೇಲೆ ಯಾವ ಸೈನ್ಯದ ಸಮವಸ್ತ್ರವೂ ಇಲ್ಲ. ಆ ಊರಿನ ಮಕ್ಕಳು ಎರಡು ಪಕ್ಷದಲ್ಲಿಯೂ ನಿಂತು ಸತ್ತಿದ್ದರಾಗಿ, ಯಾವ ದೇಶಕ್ಕಾಗಿ ಸತ್ತರೆಂದು ಕಲ್ಲಿನ ಮೇಲೆ ಬರೆಯುವಂತಿರಲಿಲ್ಲ. ‘ನಮ್ಮ ಮೃತರಿಗೆ’ ಎಂದಷ್ಟೇ ಬರೆದರು.

ಎರಡನೆಯದು ಬರ್ಲಿನ್. ಹಿಟ್ಲರನ ಕಾಲದಲ್ಲಿ ಕೊಲೆಯಾದ ಸುಮಾರು 60 ಲಕ್ಷ ಯೆಹೂದಿಗಳ ನೆನಪಿಗಾಗಿ ನಗರದ ನಡುಮಧ್ಯದಲ್ಲಿ 2,711 ಕಾಂಕ್ರೀಟು ದಿಮ್ಮಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. 2005ರಲ್ಲಿ ಸಾರ್ವಜನಿಕರಿಗೆ ತೆರೆದದ್ದು. ದಿಮ್ಮಿಗಳ ಮೇಲೆ ಹೆಸರಿಲ್ಲ, ಅಕ್ಷರವಿಲ್ಲ. ಕೆಲವು ಮೊಳಕಾಲೆತ್ತರ, ಕೆಲವು ಆಳೆತ್ತರಕ್ಕೂ ಮಿಗಿಲು. ನಮ್ಮ ಹುಡುಗ ಹುಮ್ಮಸ್ಸಿನಲ್ಲಿ ಒಂದರ ಮೇಲೆ ಹಾರಿ ನಿಂತು, ಕೈ ಚಾಚಿ, ಫೋಟೋ ತೆಗೆಯೆಂದು ಜರ್ಮನ್ ಗೆಳೆಯನಿಗೆ ಫೋನು ಕೊಟ್ಟ. ಅವನು ತೆಗೆಯಲಿಲ್ಲ. “ಕೆಳಗೆ ಇಳಿ” ಎಂದು ಮೆಲ್ಲಗೆ ಹೇಳಿ ಫೋನನ್ನು ಹಿಂದಕ್ಕೆ ಕೊಟ್ಟ.

ಎಲ್ಲರ ಮುಂದೆ ಹೀಗಾದದ್ದು ಹುಡುಗನಿಗೆ ನಾಟಿತು. ರಾತ್ರಿ ವಾದಕ್ಕೆ ಕುಳಿತನಂತೆ. “ಆ ಪಾಪ ನಿಮ್ಮವರದು, ನನ್ನ ತಾತ ಮುತ್ತಾತಂದಿರು ಜರ್ಮನಿಯನ್ನು ಕಂಡವರೇ ಅಲ್ಲ. ನಾನೇಕೆ ತಲೆ ತಗ್ಗಿಸಲಿ?” ಜರ್ಮನಿಯವನು ಹೇಳಿದ: “ಅದು ನನ್ನದೂ ಅಲ್ಲ. ನನ್ನ ತಂದೆ ಹುಟ್ಟುವ ಹೊತ್ತಿಗೇ ಯುದ್ಧ ಮುಗಿದು ಎಷ್ಟೋ ವರ್ಷವಾಗಿತ್ತು. ಆದರೂ ನಾನು ಆ ಕಲ್ಲಿನ ಮೇಲೆ ಹತ್ತಲಾರೆ.” ಮತ್ತೆ ಸ್ವಲ್ಪ ಹೊತ್ತಿನ ಮೇಲೆ ಕೇಳಿದನಂತೆ: “ನೀನು ಕೆಳಗಿಳಿದು ನಿಲ್ಲಬೇಕಾದ ಕಲ್ಲು ನಿಮ್ಮ ಊರಿನಲ್ಲಿ ಒಂದೂ ಇಲ್ಲವೇ?”

ಮರುದಿನ ಬೆಳಿಗ್ಗೆ ಗೆಳೆಯರಿಬ್ಬರೂ ಒಂದು ಬೀದಿಯಲ್ಲಿ ನಡೆದರು. ಅಲ್ಲಿ ಕಾಲುಹಾದಿಯಲ್ಲಿಯೇ, ಮನೆಗಳ ಮುಂದೆ, ಅಂಗೈಯಷ್ಟಗಲದ ಹಿತ್ತಾಳೆಯ ಬಿಲ್ಲೆಗಳನ್ನು ಹೂಳಿದ್ದಾರೆ. ಈ ಮನೆಯಲ್ಲಿ ಇಂಥವರು ವಾಸವಾಗಿದ್ದರು, ಇಂಥ ವರ್ಷ ಹಿಡಿದೊಯ್ದರು ಎಂದು ಅವುಗಳ ಮೇಲೆ ಕೆತ್ತಿದೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಆರಂಭಿಸಿದ ಕೆಲಸ. 2023ರ ಹೊತ್ತಿಗೆ ಯೂರೋಪಿನ ಅನೇಕ ದೇಶಗಳಲ್ಲಿ ಇಂಥ ಬಿಲ್ಲೆಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು. ಓದಬೇಕಾದರೆ ಬಗ್ಗಲೇಬೇಕು. “ಬಗ್ಗಿದೆ ಮಾಮ. ಆದರೆ ಯಾಕೆ ಬಗ್ಗಿದೆನೆಂದು ಇನ್ನೂ ಗೊತ್ತಾಗಿಲ್ಲ. ನೀವು ಹೇಳಿ” ಎಂದ.

ಸುಲಭವಾದ ಪ್ರಶ್ನೆಯಲ್ಲ. ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವ ನಮ್ಮ ಗಾದೆಯ ಪ್ರಕಾರ ಪಾಪ ಮಾಡಿದವನದು. ಅದನ್ನು ಮೊಮ್ಮಗನ ತಲೆಗೆ ಕಟ್ಟುವುದು ಅನ್ಯಾಯ. ಹುಡುಗ ಓದುವ ಹೈಡೆಲ್‌ಬರ್ಗ್‌ನಲ್ಲಿಯೇ, ಯುದ್ಧ ಮುಗಿದ ಮೊದಲ ಚಳಿಗಾಲದಲ್ಲಿ, ಕಾರ್ಲ್ ಯಾಸ್ಪರ್ಸ್ ಎಂಬ ತತ್ತ್ವಜ್ಞಾನಿ ವಿದ್ಯಾರ್ಥಿಗಳ ಮುಂದೆ ಇದನ್ನೇ ವಿಚಾರ ಮಾಡಿದ. ಹೆಂಡತಿ ಯೆಹೂದಿಯೆಂಬ ಕಾರಣಕ್ಕೆ 1937ರಲ್ಲಿ ಕೆಲಸ ಕಳೆದುಕೊಂಡಿದ್ದವನು ಅವನು. ಇಡೀ ಜನಾಂಗವನ್ನು ಅಪರಾಧಿಯೆನ್ನುವುದು ಸಲ್ಲದು, ಆದರೆ ರಾಜ್ಯ ಮಾಡಿದ್ದಕ್ಕೆ ಪ್ರಜೆಗಳು ಹೊಣೆ ಹೊರಲೇಬೇಕು ಎಂದು ಅವನು ಬೇರ್ಪಡಿಸಿ ಹೇಳಿದ. ಆ ಉಪನ್ಯಾಸಗಳು 1946ರಲ್ಲಿ ಪುಸ್ತಕವಾದವು.

ಆ ಹೊಣೆಗೆ ನಮ್ಮಲ್ಲಿ ಹಳೆಯದೊಂದು ಮಾತಿದೆ—ಋಣ. ಪಾಪ ಮಾಡುವುದರಿಂದ ಬರುತ್ತದೆ. ಋಣ ಪಡೆಯುವುದರಿಂದ ಬರುತ್ತದೆ. ಅಪ್ಪನ ಮನೆ ಬೇಕು, ಮನೆಯ ಮೇಲಿನ ಸಾಲ ಬೇಡ ಎಂದರೆ ಊರು ಒಪ್ಪೀತೆ? ಆ ಜರ್ಮನ್ ಹುಡುಗ ಪಾಪಿಯಲ್ಲ, ಋಣಿ. ಹಾಗಾದರೆ ನಮ್ಮ ಹುಡುಗ? ಅವನಿಗೆ ಆ ಮನೆಯಲ್ಲಿ ಪಾಲಿಲ್ಲ, ನಿಜ. ಆದರೆ ಅತಿಥಿಯಾಗಿ ಉಂಡದ್ದುಂಟಲ್ಲ! ಗಡಿ ಗೊತ್ತಾಗದಂತೆ ನದಿ ದಾಟಿಸಿದ ಆ ಟ್ರಾಮು, ಜರ್ಮನಿಯವನೂ ಪೋಲೆಂಡಿನವಳೂ ಒಂದೇ ಪೊಟ್ಟಣದ ಚಟ್ನಿಪುಡಿ ಹಂಚಿಕೊಂಡ ಆ ರೈಲು, ಇವೆಲ್ಲ ಸುಮ್ಮನೆ ಬಂದ ಸುಖವಲ್ಲ. ಎಷ್ಟೋ ಜನ ಸತ್ತಮೇಲೆ, ಉಳಿದವರು ನಾಚಿ, ಮತ್ತೆ ಹೀಗಾಗಬಾರದೆಂದು ಕಟ್ಟಿಕೊಂಡ ಬಾಳು ಅದು. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎನ್ನುತ್ತಾರೆ. ಆ ಶಾಂತಿಯ ಉಪ್ಪು ತಿಂದವನು ಅಲ್ಲಿನ ಸತ್ತವರಿಗೆ ಒಂದು ಕ್ಷಣ ಬಗ್ಗಿದರೆ ಅದು ಎರವಲು ನಾಚಿಕೆಯಲ್ಲ, ತೀರಿಸಬೇಕಾದ ಋಣ.

ಇಷ್ಟು ಹೇಳಿ ಮೇಷ್ಟರ ಗತ್ತಿನಲ್ಲಿ ಕುಳಿತಿದ್ದೆ. ಹುಡುಗ, “ಸರಿ ಮಾಮ. ಅವನು ಕೇಳಿದ ಇನ್ನೊಂದು ಪ್ರಶ್ನೆಗೆ ಏನು ಹೇಳಲಿ? ನಮ್ಮ ಊರಿನಲ್ಲಿ ಅಂಥ ಕಲ್ಲು ಇದೆಯೇ?” ಎಂದ.

ಇದೆ. ನಮ್ಮ ಹಳೆಯ ಮನೆಯ ಬಾವಿಯ ಪಕ್ಕದಲ್ಲಿ ಒಂದು ಚಪ್ಪಡಿ. ಕೇರಿಯ ಹೆಂಗಸರು ಅದರ ಮೇಲೆ ಕೊಡವಿಟ್ಟು ದೂರ ನಿಲ್ಲುತ್ತಿದ್ದರು. ಬಾವಿಯ ಹಗ್ಗ ಅವರು ಮುಟ್ಟುವಂತಿರಲಿಲ್ಲ. ನಮ್ಮ ಮನೆಯವರು ಯಾರಾದರೂ ಸೇದಿ, ಕೊಡ ಮುಟ್ಟದೆ, ಮೇಲಿನಿಂದ ಹೊಯ್ಯಬೇಕು. ಅಸ್ಪೃಶ್ಯತೆಯ ವಿರುದ್ಧದ ಕಾಯಿದೆ 1955ರಲ್ಲಿಯೇ ಬಂದಿತ್ತು. ನಾನು ಹೇಳುತ್ತಿರುವುದು ಅದಾಗಿ ಮೂವತ್ತು ವರ್ಷದ ಮೇಲಿನ ಮಾತು. ನಮ್ಮ ತಾತ ಕೆಟ್ಟ ಮನುಷ್ಯನಲ್ಲ, ಒಬ್ಬರನ್ನೂ ಬೈದವರಲ್ಲ ಎಂದು ಈ ತನಕ ಹೇಳಿಕೊಂಡು ಬಂದಿದ್ದೇನೆ. ಏಳೆಂಟು ವರ್ಷದ ನಾನೂ ಎಷ್ಟೋ ಬೆಳಿಗ್ಗೆ ನೀರು ಹೊಯ್ದಿದ್ದೇನೆ. ಎತ್ತರದಿಂದ ಧಾರೆ ಬಿಡುವುದು ನನಗೆ ಆಟವಾಗಿತ್ತು. ಆ ಹೆಂಗಸರ ಮುಖ ನೆನಪಿಲ್ಲ. ಕೊಡದ ಬಾಯಿ ಮಾತ್ರ ನೆನಪಿದೆ.

ಪಾಪ ಬೇರೆ, ಋಣ ಬೇರೆ ಎಂದು ಬರ್ಲಿನ್ನಿನ ವಿಷಯದಲ್ಲಿ ನಾನು ಚೆನ್ನಾಗಿ ಬಿಡಿಸಿದೆ. ನಮ್ಮ ಚಪ್ಪಡಿಯ ಮುಂದೆ ನಿಂತರೆ ಎಲ್ಲಿಗೆ ತಾತನ ಪಾಲು ಮುಗಿದು ನನ್ನದು ಮೊದಲಾಗುತ್ತದೆಯೋ ನನಗೆ ತಿಳಿಯದು. ಆ ಜರ್ಮನ್ ಹುಡುಗ ಒಂದು ಫೋಟೋ ತೆಗೆಯದೆ ಮಾಡಿದ ಕೆಲಸವನ್ನು ನಲವತ್ತು ದಾಟಿದ ನಾನು ಇನ್ನೂ ಮಾಡಿಲ್ಲ. ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಫೋನು ಮುಚ್ಚಿಟ್ಟು, “ನಾಳೆ ಊರಿಗೆ ಹೋಗಿಬರೋಣವೇ?” ಎಂದ. ಹೋಗಿ ಬಂದೆವು. ಬಾವಿ ಬತ್ತಿದೆ. ಚಪ್ಪಡಿ ಇದ್ದಲ್ಲಿಯೇ ಇದೆ. ಕೇರಿಗೆ ಹೋಗಿ ಯಾರ ಮನೆಯ ಬಾಗಿಲು ತಟ್ಟಬೇಕು, ತಟ್ಟಿ ಏನು ಹೇಳಬೇಕು ಎಂಬುದು ತೋಚದೆ, ಆ ದಿನ ಹಾಗೆಯೇ ಹಿಂದಿರುಗಿದೆವು. ಇನ್ನೊಮ್ಮೆ ಹೋಗಬೇಕು.