ಕಬ್ಬಿಣಕ್ಕೆ ಎಂಥಾ ಋಣ?

ಹೋದ ತಿಂಗಳು ಅಪ್ಪ ಊರಿಂದ ಫೋನ್ ಮಾಡಿ ಎರಡೇ ಮಾತು ಹೇಳಿದ್ರು. "ಜೀಪಿನ ಆರ್‌ಸಿ ಮುಗೀತಾ ಬಂತು. ಭಾಯಿ ಚಾಸಿ ನೋಡಿ ತಲೆ ಅಲ್ಲಾಡಿಸ್ತಿದ್ದಾನೆ. ಗುಜರಿಗೆ ಹಾಕ್ಬಿಡ್ಲಾ?"

ನಾನು ಆಗ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕ್ಯಾಬ್ ಒಳಗೆ ಕೂತಿದ್ದೆ. ಎದೆ ಧಸಕ್ ಅಂತು. "ಬೇಡಪ್ಪ, ಎಷ್ಟಾದ್ರೂ ಆಗ್ಲಿ ರಿಪೇರಿ ಮಾಡಿಸೋಣ, ದುಡ್ಡು ನಾನು ಕೊಡ್ತೀನಿ" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಒಂದ್ಸಲ ಬಂದು ನೋಡು ಮಾರಾಯ, ಆಮೇಲೆ ಮಾತಾಡು" ಅಂತ ಫೋನಿಟ್ಟರು.

ಅದು 1997ರ ಡೀಸೆಲ್ ಜೀಪು. ಎರಡನೇ ಮಹಾಯುದ್ಧದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿನ ದೂರದ ಮೊಮ್ಮಗ. ನಮ್ಮ ತೋಟ ಸಕಲೇಶಪುರದ ಕಡೆ, ಮಳೆಗಾಲದಲ್ಲಿ ನಡೆದು ಹೋಗೋಕೂ ಕಷ್ಟ ಇರೋ ಜಾಗದಲ್ಲಿದೆ. ಅಲ್ಲಿ ಫೋರ್‌ವೀಲ್ ಗೇರು ಶೋಕಿಯಲ್ಲ, ಅದಿಲ್ಲದಿದ್ರೆ ಮನೆಗೆ ಅಕ್ಕಿ ಬರಲ್ಲ. ಕಾಫಿ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ನನ್ನ ಸ್ಕೂಲ್ ಬ್ಯಾಗು, ಕೊನೆಗೆ ಅಜ್ಜಿಯ ಹೆಣ, ಎಲ್ಲವನ್ನೂ ಹೊತ್ತ ಗಾಡಿ. ನಾನು ಡ್ರೈವಿಂಗ್ ಕಲಿತಿದ್ದೂ ಅದರಲ್ಲೇ. ಪ್ರತಿ ಆಯುಧ ಪೂಜೆಗೆ ಅದಕ್ಕೆ ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು ಬೆಳೆದವನು ನಾನು. ಅಂಥದ್ದನ್ನ ಕೆಜಿ ಲೆಕ್ಕದಲ್ಲಿ ತೂಗಿ ಕೊಡೋದಾ?

ಊರಿಗೆ ಹೋಗೋ ದಾರಿಯುದ್ದಕ್ಕೂ ನನ್ನ ವಾದವನ್ನ ಪವರ್‌ಪಾಯಿಂಟ್ ಥರ ರೆಡಿ ಮಾಡ್ಕೊಂಡೆ. ಕಸುಬು ಅದೇ ತಾನೇ.

ಮೊದಲನೇದು, ಪರಿಸರ. ಜೀಪು ಈಗ ವರ್ಷಕ್ಕೆ 2000 ಕಿಲೋಮೀಟರ್ ಓಡಿದ್ರೆ ಹೆಚ್ಚು. ಲೀಟರಿಗೆ 10 ಅಂತ ಹಿಡಿದ್ರೆ 200 ಲೀಟರ್ ಡೀಸೆಲ್. ಒಂದು ಲೀಟರ್ ಉರಿದ್ರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್, ಅಂದ್ರೆ ವರ್ಷಕ್ಕೆ 540 ಕೆಜಿ. ಲೀಟರಿಗೆ 15 ಕೊಡೋ ಹೊಸ ಗಾಡಿ ತಂದ್ರೆ ಅದು 360 ಆಗತ್ತೆ, 180 ಕೆಜಿ ಉಳಿತಾಯ. ಆದ್ರೆ ಒಂದು ಟನ್ ಉಕ್ಕು ತಯಾರಾಗೋಕೇ ಹತ್ತಿರ ಹತ್ತಿರ 2 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗತ್ತೆ. ಹೊಸ ಗಾಡಿಯ ಒಂದು ಟನ್ ಉಕ್ಕಿನ ಸಾಲ ತೀರಿಸೋಕೇ 11 ವರ್ಷ ಬೇಕು. ಹಳೇದನ್ನ ಉಳಿಸ್ಕೊಳ್ಳೋದೇ ಹಸಿರು ದಾರಿ!

ಎರಡನೇದು, ವಯಸ್ಸು ಅಪರಾಧ ಅಲ್ಲ. ದೆಹಲಿಯಲ್ಲಿ ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲಿಗೆ 15 ವರ್ಷ ಅಂತ 2018ರ ಕೋರ್ಟಿನ ಆದೇಶ ಗೆರೆ ಎಳೆದಿತ್ತು. ನಮ್ಮಲ್ಲಿ ಹಾಗಿಲ್ಲ. 15 ವರ್ಷ ಆದ್ಮೇಲೆ ಫಿಟ್‌ನೆಸ್ ತೋರಿಸಿದ್ರೆ ಐದೈದು ವರ್ಷಕ್ಕೆ ಆರ್‌ಸಿ ಮುಂದುವರಿಯತ್ತೆ. 2012, 2017, ಎರಡು ಸಲ ನಮ್ಮ ಜೀಪು ಪಾಸಾಗಿದೆ. 2022ರ ಏಪ್ರಿಲ್‌ನಿಂದ ಶುಲ್ಕ 600 ಇದ್ದಿದ್ದು 5000 ಆಗಿತ್ತು. ಆಗ್ಲಿ, ಕಟ್ಟೋಣ.

ಮೂರನೇದು ನನ್ನ ಬ್ರಹ್ಮಾಸ್ತ್ರ: ನಿಷ್ಠೆ. ಇಪ್ಪತ್ತೈದು ವರ್ಷ ದುಡಿದಿದ್ದನ್ನ ಕೆಲಸಕ್ಕೆ ಬರಲ್ಲ ಅಂದ ತಕ್ಷಣ ಬಿಸಾಕೋ ಬುದ್ಧಿ ನಮಗೆ ಎಲ್ಲಿಂದ ಬಂತು? ಫೋನ್ ಎರಡು ವರ್ಷಕ್ಕೆ, ಕೆಲಸ ಮೂರು ವರ್ಷಕ್ಕೆ ಬದಲಾಯಿಸೋ ನಮಗೆ ಒಂದಾದ್ರೂ ವಸ್ತುವನ್ನ ಕೊನೇವರೆಗೂ ಉಳಿಸ್ಕೊಳ್ಳೋ ಯೋಗ್ಯತೆ ಬೇಡವಾ?

ಶೆಡ್ಡಿಗೆ ಹೋದ್ರೆ ಭಾಯಿ ಜೀಪಿನ ಕೆಳಗೆ ಮಲಗಿದ್ದ. ನನ್ನನ್ನೂ ಬಗ್ಗಿಸಿ, ಟಾರ್ಚ್ ಹಿಡಿದು ತೋರಿಸಿದ. ಹಿಂದಿನ ಸ್ಪ್ರಿಂಗ್ ಪಟ್ಟಿ ಚಾಸಿಗೆ ಕೂರೋ ಜಾಗದಲ್ಲಿ ಬಿರುಕು. ಸ್ಕ್ರೂಡ್ರೈವರ್‌ನಿಂದ ತಟ್ಟಿದ, ತುಕ್ಕು ಹಪ್ಪಳದ ಹಾಗೆ ಉದುರಿತು. ಮಲೆನಾಡಿನ ಮಳೆ, ಒಳಗೆ ಸೇರಿಕೊಂಡ ಕೆಸರು, ಎಷ್ಟೋ ವರ್ಷ ಹೊತ್ತ ಗೊಬ್ಬರದ ಉಪ್ಪು, ಎಲ್ಲ ಸೇರಿ ಒಳಗಿಂದ ತಿಂದಿತ್ತು. ಇಂಜಿನ್, ಗೇರ್‌ಬಾಕ್ಸ್, ಬಾಡಿ ಎಲ್ಲವನ್ನೂ ಹೊರೋದು ಈ ಎರಡು ಉದ್ದ ತೊಲೆಗಳು.

"ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಬೋದು ಸಾರ್. ಇಂಜಿನ್ ಕೆಲಸ, ಬ್ರೇಕು, ಟಿಂಕರಿಂಗು ಎಲ್ಲ ಸೇರಿ ಒಂದು ಎಂಬತ್ತರವರೆಗೆ ಹೋಗತ್ತೆ" ಅಂದ. ಒಂದು ಲಕ್ಷದ ಎಂಬತ್ತು ಸಾವಿರ. "ಮಾಡು" ಅನ್ನೋಕೆ ಬಾಯಿ ತೆರೆದೆ. ಅವನೇ ಮುಂದುವರಿಸಿದ. "ಆದ್ರೆ ಹಿಂದೆ ಜನ ಕೂರಿಸಿ ಘಾಟಿ ಇಳಿಸೋದಾದ್ರೆ ನಾನು ಗ್ಯಾರಂಟಿ ಕೊಡಲ್ಲ."

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನ ಹತ್ರ ಹಡಗಿನ ಕಥೆ ತೆಗೆದೆ. ಗ್ರೀಕರ ಥೀಸಿಯಸ್‌ನ ಹಡಗನ್ನ ಅಥೆನ್ಸಿನವರು ಕಾಪಾಡಿಕೊಂಡು ಬಂದ್ರಂತೆ, ಕೊಳೆತ ಹಲಗೆ ತೆಗೆದು ಹೊಸದು ಹಾಕ್ತಾ. ಎಲ್ಲ ಹಲಗೆ ಬದಲಾದ್ಮೇಲೂ ಅದೇ ಹಡಗಾ ಅಂತ ತತ್ವಜ್ಞಾನಿಗಳು ಕಿತ್ತಾಡಿದ್ದನ್ನ ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮ ಕಡೆಯ ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನ ಇದಕ್ಕೆ ಹತ್ತಿರದ್ದೇ ಕೇಳ್ತಾನೆ: ನೀನು ಬಂದ ರಥ ಯಾವುದು? ಚಕ್ರವೇ ರಥವಾ? ಅಚ್ಚಾ? ನೊಗವಾ? ಯಾವುದೂ ಅಲ್ಲ, "ರಥ" ಅನ್ನೋದು ಬರೀ ಹೆಸರು. "ಹಾಗೇನೇ ಅಪ್ಪ, ಚಾಸಿ ರಿಪೇರಿಯಾದ್ರೂ, ಇಂಜಿನ್ ಬದಲಾದ್ರೂ ಅದು ನಮ್ಮ ಜೀಪೇ" ಅಂದೆ.

ಅಪ್ಪ ಮಜ್ಜಿಗೆ ಕುಡಿದು ಲೋಟ ಇಟ್ಟರು. "ಆರ್‌ಟಿಓದವರಿಗೆ ಅಷ್ಟೆಲ್ಲ ತಲೆನೋವಿಲ್ಲ ಮಾರಾಯ. ಚಾಸಿ ನಂಬರ್ ನೋಡ್ತಾರೆ, ಅದಿದ್ರೆ ಗಾಡಿ, ಇಲ್ದಿದ್ರೆ ಇಲ್ಲ. ನಮ್ಮದು ಅದೇ ಹೋಗಿದೆ."

"ಮುದಿ ಎತ್ತನ್ನ ನೀವು ಮಾರಲಿಲ್ಲ, ಸಾಯೋವರೆಗೂ ಕೊಟ್ಟಿಗೆಯಲ್ಲೇ ಇಟ್ಕೊಂಡ್ರಲ್ಲ?"

"ಎತ್ತಿಗೆ ಹಸಿವಾಗ್ತಿತ್ತು ಕಣೋ. ನಾನು ಹತ್ರ ಹೋದ್ರೆ ತಲೆ ಎತ್ತಿ ನೋಡ್ತಿತ್ತು. ಅದರ ಋಣ ನಮ್ಮ ಮೇಲಿತ್ತು. ಕಬ್ಬಿಣಕ್ಕೆ ಎಂಥಾ ಋಣ?"

ನನಗೆ ಪೆಟ್ಟು ಬಿದ್ದಿದ್ದು ಇಲ್ಲಿ. ಹಳ್ಳಿಯ ಅಪ್ಪ ಭಾವುಕ, ಸಿಟಿಯ ಮಗ ಪ್ರಾಕ್ಟಿಕಲ್ ಅಂತ ಅಂದ್ಕೊಂಡಿದ್ದೆ. ಇಲ್ಲಿ ಉಲ್ಟಾ. ವರ್ಷಕ್ಕೆ ನಾಲ್ಕು ದಿನ ಜೀಪು ಓಡಿಸಿ, ಮಂಜಿನ ಮುಂದೆ ನಿಲ್ಲಿಸಿ ಫೋಟೋ ಹಾಕೋನು ನಾನು. ಉಳಿದ ದಿನ ಅದರ ಬ್ರೇಕನ್ನ ನಂಬಿ ಘಾಟಿ ಇಳಿಯೋರು ಅವರು. ನನ್ನ "ನಿಷ್ಠೆ"ಯ ರಿಸ್ಕು ಪೂರ್ತಿ ಬೇರೆಯವರ ತಲೆ ಮೇಲಿತ್ತು.

ಆದ್ರೂ ಋಣ ಅನ್ನೋ ಮಾತು ಬಿಡಲಿಲ್ಲ. ಸಂಜೆ ಲೈನ್ ಮನೆ ಕಡೆ ನಡೆದೆ. ಅಲ್ಲಿ ನಮ್ಮ ತೋಟದಲ್ಲಿ ಮೂವತ್ತು ವರ್ಷದಿಂದ ದುಡಿಯೋ ಅಕ್ಕ ಇದ್ದಾರೆ. ನಾನು ಚಿಕ್ಕವನಿದ್ದಾಗ ಒಂದು ಆಷಾಢದ ರಾತ್ರಿ ಅವರಿಗೆ ಹೆರಿಗೆ ನೋವು ಬಂದು, ಅಪ್ಪ ಇದೇ ಜೀಪಲ್ಲಿ ಹಾಸನದ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಮಗು ಉಳೀತು, ಈಗ ಡಿಗ್ರಿ ಓದ್ತಿದ್ದಾಳೆ. ನಮ್ಮ ಮನೆಯಲ್ಲಿ ಜೀಪಿನ ಪುರಾಣ ಶುರುವಾಗೋದೇ ಈ ಕಥೆಯಿಂದ. ಜೀಪು ಹೋಗತ್ತೆ ಅಂದ್ರೆ ಅಕ್ಕ ಅತ್ತೇ ಬಿಡ್ತಾರೆ ಅಂದ್ಕೊಂಡಿದ್ದೆ.

ಅಕ್ಕ ನಕ್ಕರು. "ಹೋಗ್ಲಿ ಬಿಡಿ ಸಣ್ಣಯ್ಯ, ಒಳ್ಳೇದಾಯ್ತು. ಹಿಂದೆ ಕೂತ್ರೆ ಹೊಗೆಯೆಲ್ಲ ಒಳಗೇ ಬರತ್ತೆ. ಇಳಿಯೋ ಹೊತ್ತಿಗೆ ತಲೆ ತಿರುಗ್ತದೆ, ಒಂದೊಂದ್ಸಲ ವಾಂತಿ. ತಿರುವಲ್ಲಿ ಕಂಬಿ ಹಿಡ್ಕೊಂಡು ಹಿಡ್ಕೊಂಡು ಕೈ ನೋಯ್ತದೆ."

"ಮುಂಚೆನೇ ಯಾಕಕ್ಕ ಹೇಳಲಿಲ್ಲ?"

"ನೀವು ಯಾರು ಕೇಳಿದ್ರಿ?"

ನಾನು ಲೆಕ್ಕ ಹಾಕಿದ್ದು ಆಕಾಶಕ್ಕೆ ಹೋಗೋ ಇಂಗಾಲದ್ದು. ಹಿಂದಿನ ಸೀಟಿಗೆ ಬರೋ ಹೊಗೆ ನನ್ನ ಸ್ಲೈಡಲ್ಲೇ ಇರಲಿಲ್ಲ. ಭಾರತ್ ಸ್ಟೇಜ್ ನಿಯಮಗಳು ಬರೋದಕ್ಕೂ ಮುಂಚಿನ ಇಂಜಿನ್ ಅದು, ಹೊಗೆ ಸೋಸೋ ಯಾವ ಫಿಲ್ಟರೂ ಇಲ್ಲ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ನನಗೆ ಗೊತ್ತಿತ್ತು ಕೂಡ. ಆದ್ರೆ ನಾನು ಯಾವತ್ತೂ ಕೂತಿದ್ದು ಮುಂದಿನ ಸೀಟಲ್ಲಿ.

ಹಾಗಂತ ಹಳೇದೆಲ್ಲ ಗುಜರಿಗೆ ಅಂತ ನಾನು ಹೇಳ್ತಿಲ್ಲ. ಚಾಸಿ ಗಟ್ಟಿ ಇದ್ದು, ಅದರಲ್ಲಿ ನಾನೊಬ್ಬನೇ ಓಡಾಡೋದಾಗಿದ್ರೆ ರಿಪೇರಿ ಮಾಡಿಸೋದೇ ಸರಿ ಇತ್ತು. ಕಾರ್ಬನ್ ಲೆಕ್ಕ ಸುಳ್ಳಲ್ಲ. ಬಳಸಿ ಬಿಸಾಕೋ ಚಟದ ಬಗ್ಗೆ ನನ್ನ ಸಿಟ್ಟೂ ಸುಳ್ಳಲ್ಲ. ಈಗ ನನಗೆ ಅನ್ನಿಸೋದು ಇಷ್ಟೇ. ಉಳಿಸ್ಕೊಳ್ಳೋದು ಒಳ್ಳೇದು ಅನ್ನೋ ಮುಂಚೆ, ಉಳಿಸ್ಕೊಳ್ಳೋ ಖುಷಿ ಯಾರಿಗೆ, ಅಪಾಯ ಯಾರಿಗೆ ಅಂತ ಕೇಳ್ಕೋಬೇಕು. ಎರಡೂ ಒಬ್ಬನಿಗೇ ಆದ್ರೆ ಅದು ಅವನಿಷ್ಟ. ಖುಷಿ ನನಗೆ, ಅಪಾಯ ಇನ್ನೊಬ್ಬರಿಗೆ ಆದ್ರೆ ಅದಕ್ಕೆ ನಿಷ್ಠೆ ಅಂತ ಹೆಸರಿಡೋಕೆ ನಾಚಿಕೆ ಆಗಬೇಕು.

ಕಬ್ಬಿಣಕ್ಕೆ ಋಣ ಇಲ್ಲ ಅಂದ ಅಪ್ಪನ ಮಾತು ಅರ್ಧ ಮಾತ್ರ ನಿಜ ಅನ್ಸತ್ತೆ. ಇಪ್ಪತ್ತೈದು ವರ್ಷ ನಾವು ಅದಕ್ಕೆ ಮಾಡಿದ ಪೂಜೆ ಎಲ್ಲಿಗೋ ಸೇರಬೇಕಲ್ಲ? ಆ ರಾತ್ರಿ ಮಗು ಉಳಿಸಿದ್ದು ಜೀಪು ಅಂತ ನಾವು ಹೇಳ್ತಾ ಬಂದ್ವಿ. ಆ ಒಂದು ರಾತ್ರಿಯ ಹೆಸರಲ್ಲಿ, ಆಮೇಲಿನ ಅಷ್ಟೂ ವರ್ಷ ಅದೇ ಅಕ್ಕನಿಗೆ ಹೊಗೆ ಕುಡಿಸಿದ್ದನ್ನ ಮರೆತ್ವಿ. ತೀರಿಸಬೇಕಾದ ಋಣ ಇದ್ದಿದ್ದು ಅಲ್ಲಿ.

ಜೀಪು ಹೋದ ವಾರ ಹೋಯ್ತು. ಆರ್‌ಸಿ ರದ್ದು ಮಾಡಿಸೋ ಅರ್ಜಿ ಅಪ್ಪನೇ ತುಂಬಿದ್ರು. ಗೇರ್‌ಬಾಕ್ಸು ಗಟ್ಟಿಯಾಗಿತ್ತು, ಅದನ್ನ ಭಾಯಿ ಬೇರೆ ಯಾರದ್ದೋ ಜೀಪಿಗೆ ಹಾಕ್ತಾನಂತೆ. ಥೀಸಿಯಸ್‌ನ ಹಳೇ ಹಲಗೆಗಳನ್ನೇ ಕೂಡಿಸಿ ಇನ್ನೊಂದು ಹಡಗು ಕಟ್ಟಿದ್ರೆ ಯಾವುದು ನಿಜವಾದ್ದು ಅಂತ ಹಾಬ್ಸ್ ಕೇಳಿದ್ದ. ಭಾಯಿಗೆ ಹೇಳಿದ್ರೆ, "ಎರಡೂ ಓಡಿದ್ರೆ ಸಾಕಲ್ವಾ ಸಾರ್" ಅಂದ.

ನನ್ನ ಒಂದು ಎಂಬತ್ತಕ್ಕೆ ಅಪ್ಪ ಇನ್ನೊಂದಿಷ್ಟು ಸೇರಿಸಿ ಸೆಕೆಂಡ್ ಹ್ಯಾಂಡ್ ಗಾಡಿ ನೋಡ್ತಿದ್ದಾರೆ. ಬಿಎಸ್ 4, ಎಲ್ಲ ಸೀಟೂ ಮುಂದಕ್ಕೆ ಮುಖ ಮಾಡಿರಬೇಕು, ಎಲ್ಲದಕ್ಕೂ ಬೆಲ್ಟ್ ಇರಬೇಕು ಅನ್ನೋದು ಕಂಡೀಷನ್ನು. ಟೆಸ್ಟ್ ಡ್ರೈವಿಗೆ ಹೋಗುವಾಗ ಅಕ್ಕನನ್ನೂ ಕರ್ಕೊಂಡು ಹೋಗಿ ಅಂತ ಹೇಳಿದ್ದೀನಿ. ಹಿಂದಿನ ಸೀಟು ಹೇಗಿದೆ ಅಂತ ಅವರೇ ಹೇಳಬೇಕು.

ಶೆಡ್ ಈಗ ಖಾಲಿ. ನೆಲದ ಮೇಲೆ ಆಯಿಲ್ ಕಲೆ ಮಾತ್ರ ಉಳಿದಿದೆ. ಅಪ್ಪ ಅದನ್ನ ಇನ್ನೂ ತೊಳೆಸಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ.