ಯಾರ ಕಡೆಯಿಂದ ಬಂತು?

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಮಗುವೊಂದು ಕುಂಟುತ್ತ ನಡೆದರೆ ಜನ ಮೊದಲು ಕೇಳುವುದು ನೋವು ಎಲ್ಲಿದೆ ಎಂದಲ್ಲ, ಇದು ಯಾರ ಕಡೆಯಿಂದ ಬಂತು ಎಂದು. ಕೇಳುವವರ ಕಣ್ಣು ಆಗಲೇ ಸೊಸೆಯ ಮೇಲಿರುತ್ತದೆ. "ನಿಮ್ಮ ತವರಾಗ ಯಾರಿಗರೆ ಹಿಂಗ ಇತ್ತೇನವಾ?" ಎಂದು ಮೆತ್ತಗೆ ಕೇಳಿದರೂ ಅದರೊಳಗೆ ತೀರ್ಪು ಅಡಗಿರುತ್ತದೆ.

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮಲೆನಾಡಿನ ಹಂದಿಗೋಡು ನೆನಪಾಗುತ್ತದೆ. ಸಾಗರ ತಾಲ್ಲೂಕಿನ ಆ ಊರಿನಲ್ಲಿ 1970ರ ದಶಕದ ನಡುವೆ ವಿಚಿತ್ರ ಕಾಯಿಲೆಯೊಂದು ಬೆಳಕಿಗೆ ಬಂತು. ಮೊದಲು ಸೊಂಟದ ಕೀಲಿನಲ್ಲಿ, ಮೊಣಕಾಲಿನಲ್ಲಿ ನೋವು. ಬರಬರುತ್ತ ಚಕ್ಕಳಮಕ್ಕಳ ಹಾಕಿ ಕೂಡಲಾಗದು, ಬಗ್ಗಲಾಗದು. ಆಮೇಲೆ ಕೋಲು ಹಿಡಿಯಬೇಕು. ನೋವು ತೀರ ಬಲಿತವರು ತೆವಳಬೇಕು. ಕೆಲವರ ಬೆನ್ನೆಲುಬಿಗೂ ತಟ್ಟುತ್ತದೆ, ಕೆಲವರು ಗಿಡ್ಡರಾಗಿಯೇ ಉಳಿಯುತ್ತಾರೆ. ನರಳಿದವರಲ್ಲಿ ಹೆಚ್ಚಿನವರು ಕೂಲಿಯನ್ನೇ ನಂಬಿದ ದಲಿತ ಕುಟುಂಬದವರು.

ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೈಸೇರಿ, ಅವನ್ನು ತಿಂದವರಿಗೆ ಹೀಗಾಯಿತೆಂದು ಮೊದಲು ಸಂಶಯಪಟ್ಟರು. 1990ರ ದಶಕದ ಸಂಶೋಧನೆಗಳು ಇದು ವಂಶದಲ್ಲಿ ಇಳಿದುಬರುವ ಎಲುಬಿನ ದೋಷವೆಂದು ಹೇಳಿದವು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಆ ಒಬ್ಬರು ತಾಯಿಯೇ ಆಗಬೇಕೆಂದಿಲ್ಲ, ತಂದೆಯೂ ಆಗಿರಬಹುದು.

ನಮ್ಮ ಗದಗ ಜಿಲ್ಲೆಯಲ್ಲೇ ಇನ್ನೊಂದು ಬಗೆಯ ಎಲುಬಿನ ಸಂಕಟವಿದೆ. ಕೆಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ಆಗ ಯಾರೂ ಸೊಸೆಯನ್ನು ಬಯ್ಯುವುದಿಲ್ಲ. ನೀರನ್ನು ಬಯ್ಯುತ್ತಾರೆ, ಒಳ್ಳೆಯ ನೀರು ಕೊಡಿರೆಂದು ಪಂಚಾಯಿತಿಯನ್ನು ಕೇಳುತ್ತಾರೆ. ಕಾರಣ ನೀರಿನಲ್ಲಿದ್ದರೆ ಊರಿನ ಹೊಣೆ, ರಕ್ತದಲ್ಲಿದ್ದರೆ ಹೆಣ್ಣಿನ ತಪ್ಪು. ಇದು ಯಾವ ನ್ಯಾಯ?

ತಪ್ಪು ಎನ್ನಬೇಕಾದರೆ ಬೇರೆ ದಾರಿ ಹಿಡಿಯುವ ಅವಕಾಶ ಇದ್ದಿರಬೇಕು. ಕೇಳದೆ ಪಡೆದದ್ದು, ತಿಳಿಯದೆ ಕೊಟ್ಟದ್ದು ತಪ್ಪು ಹೇಗಾದೀತು? ಆದರೆ ತಿಳಿದ ಮೇಲೆ? ಮದುವೆಯ ಮಾತುಕತೆಯಲ್ಲಿ ಮುಚ್ಚಿಡಬಹುದೇ? ಮುಚ್ಚಿಡಬಾರದೆಂದೇ ನನ್ನ ಮನಸ್ಸು ಹೇಳುತ್ತದೆ. ಬಾಳು ಹಂಚಿಕೊಳ್ಳುವವರಿಗೆ ತಿಳಿಯುವ ಹಕ್ಕಿದೆ. ಆದರೆ ನಿಜ ಹೇಳಿದ ಹುಡುಗಿಗೆ ಬಾಗಿಲು ಹಾಕಿ, ಹೇಳದ ಹುಡುಗನಿಗೆ ಆರತಿ ಎತ್ತುವ ಕಡೆ 'ನಿಜ ಹೇಳು' ಎಂಬ ನೀತಿ ಹೆಣ್ಣಿಗಷ್ಟೇ ಹಾಕಿದ ದಂಡವಾಗುತ್ತದೆ. ಎರಡೂ ಕಡೆಯವರನ್ನು ಕೇಳಬೇಕು. ಕೇಳುವ ಮನೆಗೆ ಉತ್ತರವನ್ನು ತಾಳಿಕೊಳ್ಳುವ ಶಕ್ತಿಯೂ ಇರಬೇಕು.

ಯಾರ ಕಡೆಯಿಂದ ಬಂತೆಂಬುದು ವೈದ್ಯರು ಕೇಳಬೇಕಾದ ಪ್ರಶ್ನೆ. ಮುಂದೆ ಹುಟ್ಟುವ ಮಕ್ಕಳ ವಿಚಾರ ತಿಳಿಸಲು ಅವರಿಗದು ಬೇಕೇ ಬೇಕು. ಮನೆಯವರು ಕೇಳಬೇಕಾದದ್ದು ಬೇರೆ: "ಕೂಸಿಗೆ ಎಲ್ಲಿ ನೋಯತೈತಿ? ನಾಳೆ ದವಾಖಾನಿಗೆ ಯಾರು ಕರಕೊಂಡು ಹೋಗ್ತೀರಿ?"