ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಕೋಲು

ಗಾಲ್ಫ್ ಆಡುವವರ ನಡುವೆ ಸ್ವಲ್ಪ ಹೊತ್ತು ಕೂತರೆ ಒಂದು ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ಫರ್ಗಿವಿಂಗ್. ಹೊಸ ಡ್ರೈವರ್ ಕೊಂಡವನು ಅದರ ಬಣ್ಣ, ಸದ್ದು, ಚೆಂಡು ಹೋಗುವ ದೂರ ಎಲ್ಲವನ್ನೂ ಬಣ್ಣಿಸಿದ ಮೇಲೆ ಕೊನೆಗೆ ಹೇಳುವುದು ಇದನ್ನೇ, 'ಬಹಳ ಫರ್ಗಿವಿಂಗ್ ಕಣಯ್ಯ'. ಕ್ಷಮಿಸುವ ಕೋಲು ಎಂದರ್ಥ. ಕ್ಷಮೆಯನ್ನು ಮನುಷ್ಯರಲ್ಲಿ ಕೇಳುತ್ತೇವೆ, ದೇವರಲ್ಲಿ ಬೇಡುತ್ತೇವೆ. ಅದು ಟೈಟಾನಿಯಂ ಲೋಹದಲ್ಲಿ ಸಿಗುತ್ತದೆ ಎಂದರೆ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಕನ್ನಡದಲ್ಲಿ ಕ್ಷಮಿಸುವುದಕ್ಕೆ ಇನ್ನೊಂದು ಮಾತಿದೆ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು. ಈ ಕೋಲಿನ ಮಟ್ಟಿಗೆ ಆ ಮಾತು ಅಕ್ಷರಶಃ ನಿಜ. ಡ್ರೈವರಿನ ತಲೆ ಒಳಗೆ ಟೊಳ್ಳು. ಆ ಟೊಳ್ಳು ಹೊಟ್ಟೆ ಇರುವುದರಿಂದಲೇ ಅದು ಕ್ಷಮಿಸುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಮಗೆ ಗಾಲ್ಫ್ ಎಂದರೆ ಟೀವಿ ಚಾನೆಲ್ ಬದಲಿಸುವಾಗ ಕ್ಷಣಕಾಲ ಕಾಣುವ ಹಸಿರು. ಆದರೆ ಇಲ್ಲಿನ ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ, ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ ಇದೆ. ನ್ಯಾಮತಿ ಕಡೆಯ ನನ್ನ ಗೆಳೆಯನೊಬ್ಬ ಕಂಪನಿಯ ದೊಡ್ಡವರ ಜೊತೆ ಓಡಾಡಬೇಕಾಗಿ ಬಂದು ಈ ಆಟ ಕಲಿತ. ಆಮೇಲೆ ದೊಡ್ಡವರು ಬಿಟ್ಟರೂ ಇವನು ಬಿಡಲಿಲ್ಲ. ಅವನು ನಲವತ್ತು ಸಾವಿರ ದಾಟಿದ ಬೆಲೆಗೆ ಒಂದು ಡ್ರೈವರ್ ಕೊಂಡಾಗ ಊರಿನಲ್ಲಿ ಅವರಪ್ಪ ಕೇಳಿದರಂತೆ, 'ತಪ್ಪು ಹೊಡೆದ್ರೂ ಸರಿ ಹೋಗುತ್ತೇನಲೇ? ಹಂಗಿದ್ರೆ ನೀನ್ಯಾಕೆ ಬೇಕು, ಕೋಲನ್ನೇ ಕಳ್ಸು.' ಮುದುಕರ ಕುಚೋದ್ಯ ಎಂದು ನಗಬಹುದು. ನನಗೆ ಅದು ಈ ವಿಷಯದ ಗಟ್ಟಿ ಪ್ರಶ್ನೆ ಎನ್ನಿಸಿತು.

ಕೋಲು ಕ್ಷಮಿಸುವುದು ಹೇಗೆ ಎಂಬುದನ್ನು ಮೊದಲು ನೋಡಬೇಕು. ಹಿಂದೆ ಡ್ರೈವರಿನ ತಲೆಯನ್ನು ಪರ್ಸಿಮನ್ ಮರದಲ್ಲಿ ಕೆತ್ತುತ್ತಿದ್ದರು. ನಮ್ಮಲ್ಲಿ ಬೀಡಿ ಎಲೆ ಕೊಡುವ ತೂಬರೆ ಮರದ ಕುಲದ್ದೇ ಅದು. ಗಟ್ಟಿ ಮರದ ಸಣ್ಣ ತಲೆ. ಚೆಂಡು ಅದರ ನಟ್ಟನಡುವೆ ತಾಗಿದರೆ ಬೆಣ್ಣೆ, ಒಂದು ಬೆರಳು ಪಕ್ಕಕ್ಕೆ ತಾಗಿದರೆ ತಲೆ ತಿರುಚಿಕೊಂಡು ಅಂಗೈ ಜುಮ್ಮೆನ್ನುತ್ತಿತ್ತು, ಚೆಂಡು ಪೊದೆಗೆ. ಆಮೇಲೆ ಉಕ್ಕು ಬಂತು, 1990ರ ದಶಕದಲ್ಲಿ ಟೈಟಾನಿಯಂ. ಅದು ಉಕ್ಕಿಗಿಂತ ಬಹಳ ಹಗುರ, ಆದರೆ ತೆಳುವಾಗಿ ಬಡಿದರೂ ಗಟ್ಟಿ. ಹಾಗಾಗಿ ತೂಕ ಹೆಚ್ಚಿಸದೆ ತಲೆಯನ್ನು ಹಿಗ್ಗಿಸಬಹುದು, ಉಳಿದ ತೂಕವನ್ನು ಅಂಚಿಗೆ, ಹಿಂಬದಿಗೆ ಸರಿಸಬಹುದು. ಅಡ್ಡೆಯ ಎರಡು ತುದಿಗೆ ನೀರಿನ ಕೊಡ ತೂಗಿಸಿಕೊಂಡವನು ಥಟ್ಟನೆ ತಿರುಗಲಾರ. ಇಲ್ಲಿ ನಡೆಯುವುದೂ ಅದೇ. ಚೆಂಡಿಗೂ ಕೋಲಿಗೂ ಸಂಪರ್ಕ ಇರುವುದು ಸುಮಾರು ಸೆಕೆಂಡಿನ ಎರಡು ಸಾವಿರದ ಒಂದು ಭಾಗ. ಅಷ್ಟರಲ್ಲಿ ತಲೆ ತಿರುಚಿಕೊಳ್ಳದಿದ್ದರೆ ಸಾಕು, ಪಕ್ಕಕ್ಕೆ ಬಿದ್ದ ಪೆಟ್ಟೂ ನಡುವಿನ ಪೆಟ್ಟಿನ ಹತ್ತಿರಕ್ಕೆ ಬರುತ್ತದೆ.

ಈ ಕ್ಷಮೆಗೂ ಒಂದು ಮಿತಿ ಹಾಕಿದ್ದಾರೆ ಎಂಬುದು ನನಗೆ ತಮಾಷೆಯಾಗಿ ಕಂಡಿತು. ಆಟದ ನಿಯಮ ಮಾಡುವ ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಆರ್ ಅಂಡ್ ಎ ಸಂಸ್ಥೆಗಳ ಪ್ರಕಾರ ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರುವಂತಿಲ್ಲ. ಅರ್ಧ ಲೀಟರ್ ಹಾಲಿನ ಪಾಕೆಟ್‌ಗಿಂತ ತುಸು ಕಡಿಮೆ. ತಿರುಚುವಿಕೆಯನ್ನು ತಡೆಯುವ ಗುಣಕ್ಕೂ ಒಂದು ಮೇಲಿನ ಗೆರೆ ಇದೆ, 5,900 ಎಂದು. ಹೊಟ್ಟೆಗೆ ಎಷ್ಟು ತಪ್ಪು ಹಾಕಿಕೊಳ್ಳಬಹುದು ಎಂದು ಅಳೆದು, ಅಂಕಿ ಹಾಕಿ, ಅದಕ್ಕಿಂತ ದೊಡ್ಡ ಮನಸ್ಸನ್ನು ನಿಷೇಧಿಸಿದ ಇನ್ನೊಂದು ಕ್ಷೇತ್ರ ನನಗೆ ತಕ್ಷಣ ಹೊಳೆಯುವುದಿಲ್ಲ.

ಗೆಳೆಯನ ಅನುಭವಕ್ಕೆ ಬರುತ್ತೇನೆ. ಮೊದಲ ತಿಂಗಳು ಅವನಿಗೆ ಹಬ್ಬ. ಚೆಂಡು ಕಳೆಯುವುದು ಕಡಿಮೆಯಾಯಿತು, ಟೀ ಮೇಲೆ ನಿಂತಾಗ ಕೈ ನಡುಗುವುದು ನಿಂತಿತು. ಮೂರನೆಯ ತಿಂಗಳ ಹೊತ್ತಿಗೆ ಧ್ವನಿ ಬದಲಾಗಿತ್ತು. 'ಈಗ ಚೆಂಡು ನೆಟ್ಟಗೆ ಹೋಗುತ್ತೆ, ಆದ್ರೆ ನೆಟ್ಟಗೆ ಪಕ್ಕದ ಫೇರ್‌ವೇಗೆ ಹೋಗುತ್ತೆ' ಎಂದ. ಹವ್ಯಾಸಿಗಳಲ್ಲಿ ಹಲವರು ಇದೇ ಕತೆ ಹೇಳುತ್ತಾರೆ. ಕಾರಣ ಸರಳ. ಪೆಟ್ಟು ಕೋಲಿನ ನಡುವಿಗೆ ಬೀಳದಿದ್ದರೆ ಕೋಲು ಸಂಭಾಳಿಸುತ್ತದೆ. ಕೋಲಿನ ಮುಖವೇ ಬಲಕ್ಕೆ ತಿರುಗಿದ್ದರೆ ಅದಕ್ಕೆ ಏನೂ ಮಾಡಲಾಗದು. ನೀವು ತೋರಿಸಿದ ಕಡೆಗೆ ಇನ್ನಷ್ಟು ನಿಷ್ಠೆಯಿಂದ ಕಳಿಸುತ್ತದೆ. ಕೈ ತಪ್ಪಿದ್ದನ್ನು ಕ್ಷಮಿಸುತ್ತದೆ, ದಿಕ್ಕು ತಪ್ಪಿದ್ದನ್ನು ಕ್ಷಮಿಸುವುದಿಲ್ಲ.

ಇಲ್ಲಿ ನಮ್ಮ 'ತಪ್ಪು' ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಸ್ಸು ತಪ್ಪುತ್ತದೆ, ಗುರಿ ತಪ್ಪುತ್ತದೆ, ದಾರಿ ತಪ್ಪುತ್ತದೆ, ಮಾತು ತಪ್ಪುತ್ತದೆ. ತಪ್ಪು ಮಾಡಿದವನು ತಪ್ಪಿತಸ್ಥ. ಸಿಗದೆ ಹೋಗುವುದಕ್ಕೂ ಅಪರಾಧಕ್ಕೂ ಒಂದೇ ಬೇರು. ಗ್ರೀಕರ 'ಹಮಾರ್ತಿಯಾ' ಕೂಡ ಹೀಗೆಯೇ. ಬಾಣ ಗುರಿ ತಪ್ಪುವುದಕ್ಕಿದ್ದ ಪದ ಅರಿಸ್ಟಾಟಲನ ಕೈಯಲ್ಲಿ ದುರಂತ ನಾಯಕನ ತಪ್ಪಾಯಿತು, ಕ್ರೈಸ್ತರ ಗ್ರಂಥದಲ್ಲಿ ಪಾಪವಾಯಿತು. ಎರಡು ಭಾಷೆಗಳು ಒಂದೇ ಕಡೆ ಬಂದು ನಿಂತಿರುವುದು ಆಕಸ್ಮಿಕವಾದರೂ ಅದರೊಳಗೊಂದು ಅನುಮಾನ ಅಡಗಿದೆ: ಗುರಿ ತಪ್ಪಿದವನು ತಪ್ಪು ಮಾಡಿದವನೇ?

2021ರ ಆಗಸ್ಟ್ 7ರಂದು, ಅದೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದಿದ್ದರಿಂದ ನಾವು ಬೇಗ ಮರೆತ ದಿನದಂದು, ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ವಿಶ್ವ ಕ್ರಮಾಂಕದಲ್ಲಿ 200ನೆಯ ಸ್ಥಾನದಲ್ಲಿದ್ದವರು, ಅಮ್ಮನನ್ನೇ ಕ್ಯಾಡಿಯಾಗಿ ಕರೆದುಕೊಂಡು ಹೋದವರು. ದೂರದ ಹೊಡೆತ ಅವರ ಬಲ ಆಗಿರಲೇ ಇಲ್ಲ. ಡ್ರೈವರಿನಲ್ಲಿ ಎದುರಾಳಿಗಳಿಗಿಂತ ಹಿಂದೆ ಬಿದ್ದು, ಹಸಿರಿನ ಮೇಲೆ ಪಟ್ಟರ್ ಹಿಡಿದು ಅದನ್ನು ತುಂಬಿಕೊಳ್ಳುತ್ತಿದ್ದರು. ನಾಲ್ಕು ದಿನ ಹಾಗೆ ಆಡಿ ಅವರು ನಿಂತದ್ದು 15 ಅಂಡರ್‌ನಲ್ಲಿ. ಬೆಳ್ಳಿ ಕಂಚಿಗೆ ಹಣಾಹಣಿ ನಡೆಸಿದ ಇಬ್ಬರು 16ರಲ್ಲಿ. ಒಂದೇ ಹೊಡೆತದಿಂದ ಪದಕ ತಪ್ಪಿತು ಎಂದು ಮರುದಿನ ಎಲ್ಲರೂ ಬರೆದರು. ಅವರು ತಪ್ಪು ಮಾಡಿದರು ಎಂದು ಯಾರೂ ಬರೆಯಲಿಲ್ಲ. ನಮ್ಮ ಭಾಷೆಯಲ್ಲಿ ಪದ ಒಂದೇ ಆದರೂ ಎಲ್ಲಿ ಗೆರೆ ಎಳೆಯಬೇಕೆಂದು ನಮಗೆ ಗೊತ್ತು.

ಹಾಗಾದರೆ ಕೋಲು ಮಾಡುವುದನ್ನು ಕ್ಷಮೆ ಎನ್ನಬಹುದೇ? ಹನ್ನಾ ಅರೆಂಟ್ 1958ರ 'ದಿ ಹ್ಯೂಮನ್ ಕಂಡೀಶನ್' ಪುಸ್ತಕದಲ್ಲಿ ಕ್ಷಮೆಯ ಬಗ್ಗೆ ಬರೆಯುತ್ತಾ ಮಾಡಿದ್ದನ್ನು ಮಾಡಿಲ್ಲ ಎನ್ನಿಸಲಾಗದ ಲೋಕದಲ್ಲಿ ಅದೊಂದೇ ಬಿಡುಗಡೆ ಎನ್ನುತ್ತಾಳೆ; ಇಲ್ಲದಿದ್ದರೆ ಒಂದು ಕೃತ್ಯಕ್ಕೆ ಮನುಷ್ಯ ಜೀವನವಿಡೀ ಕಟ್ಟುಬೀಳುತ್ತಾನೆ. ಅಂಥ ಕ್ಷಮೆಗೆ ನೋವುಂಡವರೊಬ್ಬರು ಬೇಕು, ಅವರಿಗೆ ತಪ್ಪು ಗೊತ್ತಿರಬೇಕು, ಗೊತ್ತಿದ್ದೂ ಬಿಡಬೇಕು. ಟೈಟಾನಿಯಂಗೆ ಏನೂ ಗೊತ್ತಿಲ್ಲ. ಅದು ತಪ್ಪನ್ನು ಬಿಟ್ಟುಕೊಡುವುದಿಲ್ಲ, ತಪ್ಪಾಯಿತೆಂಬ ಸುದ್ದಿಯೇ ಕೈಗೆ ಮುಟ್ಟದಂತೆ ಮಾಡುತ್ತದೆ. ಅಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಾಗ ಮಗನಿಗೆ ಅದು ತಿಳಿಯುತ್ತದೆ, ಎಂದೋ ಒಂದು ದಿನ ಚುಚ್ಚುತ್ತದೆ. ಕೋಲಿನ ಹೊಟ್ಟೆಗೆ ಹೋದದ್ದು ಹೋಯಿತು.

ನೋವುಂಡವರು ಎಂದೆನಲ್ಲ, ಗಾಲ್ಫಿನಲ್ಲಿ ಅಂಥವರು ಯಾರೂ ಇಲ್ಲ ಎಂದುಕೊಂಡಿದ್ದೆ. ಇದ್ದಾರೆ. ಚೆಂಡು ಪೊದೆಗೆ ಬಿದ್ದಾಗ ಬಾಗಿ ಹುಡುಕುವ ಕ್ಯಾಡಿ. ಭಾನುವಾರದ ಆಟಗಾರನ ಕೈತಪ್ಪಿಗೆ ಮುಳ್ಳು ಗೀರಿಸಿಕೊಳ್ಳುವವನು ಅವನು. ಹೊಸ ಡ್ರೈವರಿನಿಂದ ಅವನ ನಡಿಗೆ ಸ್ವಲ್ಪ ಉಳಿದಿದ್ದರೆ, ಕೋಲಿನ ಜಾಹೀರಾತಿನಲ್ಲಿ ಎಲ್ಲೂ ಇಲ್ಲದ ಆ ಲಾಭ ನನಗೆ ಎಲ್ಲಕ್ಕಿಂತ ಮೇಲಿನದಾಗಿ ಕಾಣುತ್ತದೆ.

ಮರದ ಕೋಲಿನ ಕಾಲದವರು ಇದನ್ನೆಲ್ಲ ಕೇಳಿ ಮೂಗು ಮುರಿಯುತ್ತಾರೆ. ಅಂಗೈ ಜುಮ್ಮೆಂದರೆ ತಾನೆ ಕಲಿಯುವುದು ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ, ಆದರೆ ಅರ್ಧ. ವಾರಕ್ಕೊಮ್ಮೆ ಆಡುವ ನಲವತ್ತೈದರ ಮನುಷ್ಯ ಗುರುಕುಲಕ್ಕೆ ಸೇರಿದವನಲ್ಲ. ಬೆಳಗಿನ ಗಾಳಿಯಲ್ಲಿ ನಡೆದು, ನಾಲ್ಕು ಚೆಂಡು ಹೊಡೆದು ಮನೆಗೆ ಹೋಗಲು ಬಂದವನು. ಅವನ ಅಂಗೈಗೆ ಪಾಠ ಹೇಳಬೇಕೆಂಬ ಹಟ ಯಾಕೆ? ನನಗೆ ತಕರಾರು ಬರುವುದು ಆಮೇಲೆ, ಅವನು ಕ್ಲಬ್ ಹೌಸಿನಲ್ಲಿ ಕಾಫಿ ಕುಡಿಯುತ್ತಾ 'ಇವತ್ತು ನನ್ನ ಡ್ರೈವ್ ನೋಡಬೇಕಿತ್ತು' ಎನ್ನುವಾಗ. 'ನನ್ನ' ಎಂಬುದರಲ್ಲಿ ಎಷ್ಟು ಪಾಲು ಯಾರದು?

ಈ ಪ್ರಶ್ನೆಗೆ ಗಾಲ್ಫ್ ಮೈದಾನವೇ ಬೇಕಿಲ್ಲ. ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಟೆನಿಸ್ ಬಾಲ್ ಟೂರ್ನಮೆಂಟ್ ನೋಡಿದವರಿಗೆ ಗೊತ್ತು, ದಪ್ಪ ಅಂಚಿನ ಬ್ಯಾಟಿನ ತುದಿಗೆ ತಾಗಿದ ಚೆಂಡೂ ಸಿಕ್ಸರ್ ಆಗುತ್ತದೆ, ಶಿಳ್ಳೆಗೆ ಭೇದವಿಲ್ಲ. ಕ್ರಿಕೆಟ್ಟಿನ ಕಾನೂನು ಬರೆಯುವ ಎಂಸಿಸಿ 2017ರಲ್ಲಿ ಬ್ಯಾಟಿನ ಅಂಚು 40 ಮಿಲಿಮೀಟರ್ ಮೀರಬಾರದೆಂದು ಕಟ್ಟು ಹಾಕಿದ್ದು ಇದಕ್ಕೇ. ಕೆಟ್ಟ ಹೊಡೆತಕ್ಕೆ ಸಿಕ್ಕ ಆರು ರನ್ನನ್ನು ಯಾರೂ ವಾಪಸ್ ಕೊಡುವುದಿಲ್ಲ. ಆದರೆ ಹೊಡೆದವನ ಮುಖದಲ್ಲಿ ಕ್ಷಣ ಮಾತ್ರ ಒಂದು ನಾಚಿಕೆಯ ನಗು ಬರುತ್ತದಲ್ಲ, ಅದು ಬರುವವರೆಗೆ ನನಗೆ ಭಯವಿಲ್ಲ. 1925ರ ಯುಎಸ್ ಓಪನ್ನಿನಲ್ಲಿ ಬಾಬಿ ಜೋನ್ಸ್ ಎಂಬ ಹವ್ಯಾಸಿ ಆಟಗಾರ, ಹುಲ್ಲಿನಲ್ಲಿ ತನ್ನ ಚೆಂಡು ಒಂದಿಷ್ಟು ಅಲುಗಿತೆಂದು ತಾನೇ ಹೇಳಿ ತನ್ನ ಮೇಲೆ ಒಂದು ಹೊಡೆತದ ದಂಡ ಹಾಕಿಕೊಂಡ. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಆ ಒಂದು ಹೊಡೆತ ಇಲ್ಲದಿದ್ದರೆ ಗೆಲ್ಲುತ್ತಿದ್ದ. ಸಮವಾಗಿ, ಮುಂದಿನ ಪ್ಲೇಆಫ್‌ನಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ಗೆ ಸೋತ. ಹೊಗಳಲು ಬಂದವರ ಮೇಲೆ ರೇಗಿದ. ಅವನ ಕೋಲು ಮರದ್ದು. ಆದರೆ ಇವತ್ತಿನ ಟೈಟಾನಿಯಂ ಹಿಡಿದಿದ್ದರೂ ಅವನು ಅದನ್ನೇ ಮಾಡುತ್ತಿದ್ದ ಎಂದು ನಂಬುವುದು ನನಗೆ ಕಷ್ಟವಲ್ಲ.

ಇಷ್ಟು ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಚೆಂಡು ಕಳೆದುಕೊಂಡರೆ ಇನ್ನೊಂದು ಚೆಂಡಿನ ದುಡ್ಡು ಹೋಗುವವನಿಗೆ ಇಷ್ಟು ಕ್ಷಮೆ. ತಪ್ಪಿದರೆ ವರ್ಷವೇ ಹೋಗುವವನಿಗೆ? ಜಗಳೂರು ಕಡೆ ಮೆಕ್ಕೆಜೋಳ ಬಿತ್ತುವವರು ಮೋಡ ನೋಡಿ ಬೀಜ ಹಾಕುತ್ತಾರೆ. ಒಂದು ವಾರ ಆಚೀಚೆಯಾಗಿ ಮಳೆ ಕೈಕೊಟ್ಟರೆ ಬೀಜ, ಗೊಬ್ಬರ, ಕೂಲಿ ಎಲ್ಲ ಮಣ್ಣುಪಾಲು. ಕೊಳವೆಬಾವಿಯದು ಇನ್ನೂ ಕ್ರೂರ. ತೆಂಗಿನಕಾಯಿ ಹಿಡಿದವರು ತೋರಿಸಿದ ಕಡೆ ಕೊರೆಸಿದ್ದಾಯಿತು, ಧೂಳು ಬಂತು, ಲಾರಿಯವನು ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು ಹೋದ. ಬೆರಳಷ್ಟು ಪಕ್ಕಕ್ಕೆ ಬಿದ್ದ ಪೆಟ್ಟನ್ನು ಸರಿಪಡಿಸುವ ವಿದ್ಯೆ ಚೆಂಡಿಗೆ ಸಿಕ್ಕಿದೆ, ನೂರು ಅಡಿ ಪಕ್ಕದಲ್ಲಿ ನೀರಿದ್ದ ಬೋರಿಗೆ ಸಿಕ್ಕಿಲ್ಲ. 2016ರಲ್ಲಿ ಬಂದ ಫಸಲ್ ಬಿಮಾದಂಥ ಯೋಜನೆಗಳು ಬೆಳೆಯ ಮಟ್ಟಿಗೆ ಸ್ವಲ್ಪ ಹೊಟ್ಟೆಗೆ ಹಾಕಿಕೊಳ್ಳುತ್ತವೆ, ಅದೂ ಅರ್ಜಿ, ಸಮೀಕ್ಷೆ ಎಲ್ಲ ದಾಟಿದ ಮೇಲೆ.

ಚನ್ನಗಿರಿ ಕಡೆಗೆ ಬಂದರೆ ಮಾತು ಬೇರೆ. ಭದ್ರಾ ನಾಲೆಯ ನೀರು ಹರಿದಲ್ಲೆಲ್ಲ ಅಡಿಕೆ. ಕೊನೆ ಇಳಿಸಲು ಮರ ಹತ್ತಬೇಕು. ಕಾಲಿಗೆ ತಳೆ ಹಾಕಿ ಹತ್ತಿ, ಒಂದು ಮರದ ತುದಿಯನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವ ಕೊನೆಗಾರರನ್ನು ನೋಡಿದವರು ಉಸಿರು ಹಿಡಿದು ನೋಡಿರುತ್ತಾರೆ. ಅಲ್ಲಿ ಕೈ ತಪ್ಪಿದರೆ, ಕಾಲು ಜಾರಿದರೆ ಎರಡನೆಯ ಅವಕಾಶವಿಲ್ಲ. ಹತ್ತುವವರು ಕಡಿಮೆಯಾಗುತ್ತಾ ಬಂದರು. ಆಗ ತೋಟಕ್ಕೆ ಬಂದದ್ದು ಕಾರ್ಬನ್ ಫೈಬರ್ ದೋಟಿ. ಇತ್ತೀಚಿನ ಡ್ರೈವರುಗಳ ನೆತ್ತಿಗೆ ಹೊದಿಸುವುದೂ ಅದೇ ವಸ್ತುವನ್ನೇ. ಒಂದರೊಳಗೊಂದು ಸೇರುವ ಕೊಳವೆ, ತುದಿಗೆ ಕತ್ತಿ, ಎಳೆದರೆ 60 ಅಡಿ ಮೇಲಿನ ಕೊನೆಗೂ ನೆಲದಿಂದಲೇ ಮುಟ್ಟುತ್ತದೆ. ಬಿದಿರಿನ ದೋಟಿ ಹಿಂದೆಯೂ ಇತ್ತು, ಅಷ್ಟು ಎತ್ತರಕ್ಕೆ ಅದನ್ನು ನೆಟ್ಟಗೆ ಹಿಡಿಯಲು ತೋಳು ಸಾಲದು. ಈಗ ಪೆಟ್ಟು ಗುರಿ ತಪ್ಪಿದರೆ ಇನ್ನೊಮ್ಮೆ ಎಳೆದರಾಯಿತು. ಕೊನೆ ಬಿದ್ದರೆ ಕೆಳಗೆ ಬಲೆಯೋ ತಾಡಪಾಲೋ ಹಿಡಿಯುತ್ತದೆ, ಮನುಷ್ಯ ಬೀಳುವ ಪ್ರಶ್ನೆಯೇ ಇಲ್ಲ. ಫರ್ಗಿವಿಂಗ್ ಎಂಬ ಪದಕ್ಕೆ ತಕ್ಕ ವಸ್ತು ಯಾವುದಾದರೂ ಇದ್ದರೆ ಇದು. ಮರ ಹತ್ತುವ ಕಸುಬು ಹೋಯಿತೆಂದು ಹಳಹಳಿಸುವವರು ಒಮ್ಮೆ ಹತ್ತಿ ನೋಡಲಿ.

ನನ್ನ ಗೆಳೆಯ ಈಗ ಎರಡನ್ನೂ ಬಲ್ಲ. ಅವರಪ್ಪನ ಒತ್ತಾಯಕ್ಕೆ ಹೋದ ಸುಗ್ಗಿಯಲ್ಲಿ ಡ್ರೈವರಿಗಿಂತ ಹೆಚ್ಚೇ ಬೆಲೆಯ ದೋಟಿ ಕೊಂಡು ನ್ಯಾಮತಿ ಹತ್ತಿರದ ತೋಟಕ್ಕೆ ತಂದ. ಎರಡನ್ನೂ ಹಿಡಿದ ಅವನು ಒಂದು ವ್ಯತ್ಯಾಸ ಹೇಳಿದ. ಟೀ ಮೇಲೆ ನಿಂತಾಗ ಅವನು ನೆಲದ ಚೆಂಡನ್ನು ನೋಡುತ್ತಾನೆ. ಡ್ರೈವರ್ ಕೈಯಲ್ಲಿರುವುದರಿಂದ ಈಚೆಗೆ ಅದನ್ನೂ ಅಷ್ಟು ಗಮನವಿಟ್ಟು ನೋಡುವುದಿಲ್ಲವಂತೆ. ಕಾರ್ಬನ್ ಫೈಬರ್‌ನಲ್ಲಿ ಕರೆಂಟು ಹರಿಯುತ್ತದೆ. ಆದ್ದರಿಂದ ತೋಟದಲ್ಲಿ ದೋಟಿ ಎಳೆಯುವ ಮುಂಚೆ ಅವರಪ್ಪ ಪ್ರತಿ ಸಾಲಿನಲ್ಲೂ ಅವನನ್ನು ನಿಲ್ಲಿಸುತ್ತಾರೆ. 'ತಡಿಯಲೇ, ಮೊದ್ಲು ಮೇಲೆ ನೋಡು.' ಅವನು ತಲೆ ಎತ್ತಿ ಸೋಗೆಯ ನಡುವೆ ಲೈನಿನ ತಂತಿ ಎಲ್ಲಿ ಹಾದಿದೆಯೆಂದು ಹುಡುಕುತ್ತಾನೆ, ಕಂಡ ಮೇಲೆ ನಾಲ್ಕು ಹೆಜ್ಜೆ ಈಚೆ ಬಂದು ನಿಲ್ಲುತ್ತಾನೆ.